ಕೊಂಬೆಯ ಎಡಗಡೆ

ಗುರುವಾರ, ಮಾರ್ಚ್ ೧೨

ಪುಟ್ಟಿ,

ಹೇಗಿದ್ದೀಯ? ನಿನ್ನ ಮನೆಯವನು ಚೆನ್ನಾಗಿದ್ದಾನೆ ತಾನೇ? ನಿನ್ನ ಕಾಗದ ಬಂದು ಎಷ್ಟೋ ದಿನ ಆಯ್ತು. ಉತ್ತರ ಬರೆಯೋಣ ಅಂತ ಕೂತಾಗಲೆಲ್ಲ ಕಣ್ಣು ಎಳೆಯುತ್ತೆ. ಬೇಜಾರು ಮಾಡ್ಕೋಬೇಡ.

ನಾನೀಗ ದಿನಾ ಬೆಳಗಾಗೋ ಮೊದಲೇ ನಿಮ್ಮಪ್ಪನ ಜೊತೆ ಕಾಡಿನಂಚಿನ ಹೈಡಿಗೆ, ಅವರು ಅಡಗಿ ಕೂತು ಹಕ್ಕಿ ಫೋಟೋ ತೆಗೆಯೋ ಆ ಗೂಡಿಗೆ, ಹೋಗ್ತೀನಿ. ಅದೇ ಹಲಗೆ ಗೋಡೆ, ಹಸಿರು ಪರದೆ, ಕ್ಯಾಮೆರಾ ಮೂತಿ ತೂರಿಸೋಷ್ಟು ಕಿಂಡಿ. ಎದುರಿಗೆ ಕಾಳಿನ ತಟ್ಟೆ, ನೀರಿನ ಬೋಗುಣಿ, ಹಕ್ಕಿ ಕೂರಲಿ ಅಂತ ನೆಟ್ಟ ಒಣಕೊಂಬೆ. ತಟ್ಟೆ ತೊಳೆಯೋದು, ಕಾಳು ತುಂಬೋದು, ಅಳಿಲು ಓಡಿಸೋದು ಎಲ್ಲ ನನ್ನ ಪಾಲಿಗೆ. ಹಕ್ಕಿಗಳಿಗೆ ಬಡಿಸಿ ಮನೆಗೆ ಬಂದರೆ ನಮಗೆ ಬಡಿಸಿಕೊಳ್ಳೋಕೆ ಕೈ ಏಳಲ್ಲ. ಸೊಂಟ ಬಿದ್ದುಹೋಗಿದೆ.

ನಿನಗ್ಯಾಕೆ ಈ ಉಸಾಬರಿ ಅಂತೀಯ. ಚಳಿಗಾಲದಲ್ಲಿ ಫೋಟೋ ಸ್ಟುಡಿಯೋದವನು ನನ್ನನ್ನು ಪಕ್ಕಕ್ಕೆ ಕರೆದು, ಯಜಮಾನರು ಬರೀ ಕೊಂಬೆ ತೆಗೆದು ತರ್ತಿದ್ದಾರೆ, ಹಕ್ಕಿ ಎಲ್ಲಮ್ಮಾ ಅಂದ. ನಿಮ್ಮಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಎರಡು ಕಣ್ಣಲ್ಲೂ ನಟ್ಟನಡುವಿನ ನೋಟ ಹೋಗಿದೆಯಂತೆ. ಸುತ್ತಲಿನ ಅಂಚು ಕಾಣುತ್ತೆ, ನೋಡಬೇಕಾದ್ದು ಕಾಣಲ್ಲ. ವರ್ಷದ ಮೇಲಾಗಿರಬೇಕು, ತಡಮಾಡಿ ಬಂದಿರಿ ಅಂದರು ಡಾಕ್ಟರು. ನಿಮ್ಮಪ್ಪ ಟೋಪಿ ಹಾಕ್ಕೊಂಡು, ನಡಿ ಹೋಗೋಣ ಅಂದರು, ಅಷ್ಟೇ.

ಹೈಡು ಮಾತ್ರ ಬಿಡಲಿಲ್ಲ. ಕೊಂಬೆಯ ಎಡಗಡೆ, ಇನ್ನೂ ಸ್ವಲ್ಪ ಮೇಲೆ ಅಂತ ನಾನು ಪಿಸುಗುಡ್ತಿದ್ದೆ. ಅವರು ಕ್ಯಾಮೆರಾ ತಿರುಗಿಸೋಷ್ಟರಲ್ಲಿ ಹಕ್ಕಿ ಹಾರಿಹೋಗಿರೋದು. ಅದಕ್ಕೂ ನನಗೇ ಬೈಗುಳ. ಮೊನ್ನೆ ಮರಕುಟಿಗ ಬಂತು. ಸದ್ದಿನಲ್ಲೇ ಗುರುತು ಹಿಡಿದರು. ಕ್ಯಾಮೆರಾದ ಮೇಲೆ ಕೈಯಿಟ್ಟವರು ಯಾಕೋ ತೆಗೆದು, ಸ್ಟೂಲಿಂದ ಎದ್ದರು.

"ಬಾ, ನೀನೇ ಕೂರು. ಕುಟ್ಟೋದು ನಿಲ್ಲಿಸಿ ತಲೆ ಎತ್ತುತ್ತಲ್ಲ, ಆಗ ಒತ್ತು."

ಒತ್ತಿದೆ. ಬಾಲ ತುಂಡಾಗಿದೆ, ಕಣ್ಣು ಮಾತ್ರ ಚೆನ್ನಾಗಿ ಬಂದಿದೆ. ಹೇಗಿದೆ ಹೇಳು ಅಂದರು. ನೆತ್ತಿಯ ಕೆಂಪು, ಕೊಕ್ಕಿಗೆ ಅಂಟಿದ ಮರದ ಪುಡಿ, ಎಲ್ಲ ಹೇಳಿದೆ. ಬಾಲದ ವಿಷಯ ನುಂಗಿಕೊಂಡೆ. ಇನ್ಮೇಲೆ ನೀನೇ ತೆಗಿ ಅಂದರು. ಮದುವೆಯಾದಾಗಿನಿಂದ ಆ ಕ್ಯಾಮೆರಾದ ಧೂಳು ಒರೆಸೋಕೂ ಬಿಟ್ಟವರಲ್ಲ. ಖುಷಿ ಆಗಬೇಕಿತ್ತು, ಆಗಲಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು. ಇಬ್ಬರೂ ಹೊಂದಿಕೊಂಡು ಹೋಗಿ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ
ಅಮ್ಮ

ತಾ.ಕ.: ಹೋದ ಸಲ ನೀನು ಗಂಡನ ಜೊತೆ ಬಂದು ಬಾಗಿಲಲ್ಲಿ ನಿಂತಾಗ, ನೀನು ಬಾಯಿ ತೆಗೆಯೋ ಮೊದಲೇ ನಿಮ್ಮಪ್ಪ "ಯಾರು ಬೇಕಿತ್ತು?" ಅಂದರಲ್ಲ. ಅವರನ್ನು ಕೇಳದೆ ಮದುವೆಯಾದ ಸಿಟ್ಟು ಅಂದುಕೊಂಡು ನೀನು ಚೀಲ ಕೂಡ ಕೆಳಗಿಡದೆ ಹೊರಟುಹೋದೆ. ನಾನೂ ಹಾಗೇ ಅಂದುಕೊಂಡು ಎಷ್ಟೋ ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಅವರಿಗೆ ನಿನ್ನ ಮುಖ ಕಂಡಿರಲಿಲ್ಲ ಕಣೇ. ನೀನು ಮೆಟ್ಟಿಲಿಳಿಯೋವಾಗ ಹೆಜ್ಜೆ ಸದ್ದಿನಿಂದ ಗೊತ್ತಾಯ್ತಂತೆ. ಆದರೂ ಕರೆಯಲಿಲ್ಲ. ಅಪ್ಪ ಹಠಮಾರಿ ಅಂದುಕೊಂಡು ಹೋದರೆ ಹೋಗಲಿ, ಕುರುಡ ಅಂತ ಮರುಗೋದು ಬೇಡ ಅನ್ನಿಸಿತಂತೆ. ನಿನ್ನೆ ಹೈಡಿನಲ್ಲಿ ಕೂತು ಹೇಳಿದರು. ನಿನಗೆ ತಿಳಿಸಬಾರದು ಅಂತ ಆಣೆ ಹಾಕಿಸಿಕೊಂಡರು. ನನಗೆ ಸಾಕಾಗಿದೆ, ಆಣೆ ಮುರಿದಿದ್ದೀನಿ. ಬಾ. ಬಂದಾಗ ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಡ. ಮೊದಲು "ಅಪ್ಪಾ" ಅನ್ನು.