ಎರಡನೇ ಕಪ್ಪು-ಬಸಿ

ಕಮಲಾಪುರ, 8 ಆಗಸ್ಟ್ 1948

ಇವತ್ತೂ ಕೇರಿ ಹಿರ್ಯಾ ಮಾಪಣ್ಣನ ಅಂಗಳದಾಗೇ ಪ್ರಾರ್ಥನಿ. ಈ ಕೇರಿಯವರಿಗೆ ಯೇಸುನ ಹೆಸರಿನ್ಯಾಗ ದೀಕ್ಷಾಸ್ನಾನ ಆಗಿ ಮೂರು ತಿಂಗಳಾತು. ಇವರಿಗೆ ಕಲಿಸ್ಲಾಕ ಮಿಶನ್ನಿನವರು ನನ್ನ ಇಲ್ಲಿ ಹಾಕ್ಯಾರ. ಕರ್ತನ ಪ್ರಾರ್ಥನಿ ಇನ್ನೂ ಅರ್ಧಕ್ಕೇ ನಿಲ್ಲತದ. ಮಾಪಣ್ಣನ ಹೆಂಡತಿ ಹಣಮಮ್ಮ ಮಾತ್ರ ಒಂದೇ ಉಸಿರಿನ್ಯಾಗ ಹೇಳಿ, "ಸರಿ ಅಂದ್ನೇನ್ರೀ ಅಕ್ಕೋರ?" ಅಂತ ನಗತಾಳ. ನನ್ನ ಜೀವ ಈಕಿ ಮ್ಯಾಲೆ.

ಮುಗಿದ ಮ್ಯಾಲೆ ಎಲ್ಲಾರೂ ನನ್ನ ಮನಿ ಕಟ್ಟಿತನ ಬಂದು ಬಿಟ್ಟುಹೋದ್ರು. ನೀರು ಕೊಡ್ಲೇನು ಅಂದೆ. "ನೀರಡಿಕಿ ಇಲ್ರೀ ಅಕ್ಕೋರ." ಅಷ್ಟು ಹಾಡಿ ಒಬ್ಬರಿಗೂ ನೀರಡಿಕಿ ಇಲ್ಲ! ನಮ್ಮಪ್ಪ ಚರ್ಮ ಹದ ಮಾಡಾಂವ. ಊರವರು ನಮ್ಮ ಕೇರಿ, ಇವರ ಕೇರಿ ಎರಡನ್ನೂ ಹೊರಗೇ ಇಟ್ಟಾರ. ಆದ್ರೂ ನಮ್ಮ ಕೈ ನೀರು ಇವರು ಕುಡಿಯೂದಿಲ್ಲ. ಯೇಸುನ್ನ ಒಪ್ಪಿಕೊಂಡ್ರು, ನನ್ನ ನೀರಿನ ಚೆರಿಗಿ ಒಪ್ಪಲಿಲ್ಲ.

24 ಆಗಸ್ಟ್

ಇಕ್ಬಾಲ್ ಬೇಗಂ ಬಂದಿದ್ರು. ಬಾಜೂ ಮನಿಯವರು, ಗಂಡ ಇಲ್ಲ. "ಅರೇ ಬಾಯಿ, ಚಾಯ್ ಪಿಲಾವ್!" ನನ್ನ ಹತ್ರ ಎರಡು ಕಪ್ಪು-ಬಸಿ ಅವ. ಎರಡನೇದು ಅವರದೇ ಅನ್ನೂ ಹಂಗ ಆಗ್ಯದ. ಬಸಿಯಾಗ ಹಾಕ್ಕೊಂಡು ಸುರ್ ಅಂತ ಕುಡೀತಾರ. ಈ ಊರಾಗ ನನ್ನ ಒಲಿ ಚಾ ಕುಡಿಯೋರು ಅವರೊಬ್ಬರೇ.

ಊರೂರು ಲೂಟಿ ಮಾಡೂ ರಜಾಕಾರರ ಸುದ್ದಿ ತೆಗೆದ್ರು. ಅಂಜಿ ಅರ್ಧಕ್ಕೇ ಬಿಟ್ರು.

14 ಸೆಪ್ಟೆಂಬರ್

ಬಸ್ ಬಂದ್. ಮ್ಯಾಲೆ ಹಿಂದೂಸ್ತಾನದ ವಿಮಾನ. ಪ್ರಾರ್ಥನಿಗೆ ಯಾರೂ ಬರಲಿಲ್ಲ. ಬಾಗಲಾ ಹಾಕ್ಕೊಂಡು ಒಬ್ಬಾಕಿನೇ ಹಾಡಿದೆ — ಸಣ್ಣ ದನಿಲೆ.

3 ಅಕ್ಟೋಬರ್

ಹಿಂದೂಸ್ತಾನದ ಮಿಲ್ಟ್ರಿ ಬಂದು ಎರಡು ವಾರದ ಮ್ಯಾಲಾತು. ರಜಾಕಾರರು ಹೋದ್ರು. ಅವರು ಮಾಡಿದ್ದಕ್ಕ ಏನೂ ಮಾಡದ ಮುಸಲ್ಮಾನರು ಹೊಡತ ತಿಂದ್ರು. ಇಕ್ಬಾಲ್ ಬೇಗಂ ಮನಿಗೆ ಕೀಲಿ. ಅಣ್ಣ ಬಂದು ಹೈದರಾಬಾದಿಗೆ ಕರಕೊಂಡು ಹೋದ ಅಂತಾರ. ನನಗ ಹೇಳಿ ಹೋಗಲಿಲ್ಲ. ಹೇಳೂ ಅಷ್ಟು ವ್ಯಾಳ್ಯಾ ಎಲ್ಲಿತ್ತು...

ಎರಡೂ ಕಪ್ಪು ತೊಳೆದೆ. ಅವರದು ಹಲಗಿ ಮ್ಯಾಲಿಟ್ಟೆ. ಭಾಳ ಅತ್ತೆ.

ಕಲಬುರ್ಗಿ, 30 ನವೆಂಬರ್

ಬಸ್ ಶುರು ಆಗ್ಯಾವ. ಸ್ಟೇಶನ್ ಬಜಾರದಾಗ ಇಳಿದು ಪಾದ್ರಿಸಾಹೇಬರ ಬಂಗಲಿಗೆ ಹೋದೆ. ಕ್ರಿಸ್ಮಸ್ಸಿಗೆ ಬಂದು ಕಮಲಾಪುರದ ಕೇರಿಯವರಿಗೆಲ್ಲ ಮೊದಲ ಸಲ ಕರ್ತನ ಭೋಜನ ಕೊಡ್ತಾರಂತ. ದ್ರಾಕ್ಷಿ ರಸದ ಪಾತ್ರಿ ಒಂದೇ, ಎಲ್ಲಾರೂ ಅದರಾಗೇ ಕುಡೀಬೇಕು. ನನ್ನ ಕೈ ನೀರೇ ಅವರು ಕುಡಿಯೂದಿಲ್ಲ ಅಂತ ಸಾಹೇಬರಿಗೆ ಹೇಳಿದೆ.

"ಹಂಗಾದ್ರ ಮೊದಲ ನೀನೇ ಕುಡಿ ರಾಹೇಲಮ್ಮ. ಆಮೇಲೆ ಅವರಿಗೆ ಕೊಡ್ತೀನಿ."

ಅಯ್ಯೋ! "ಒಲ್ಲೆರೀ ಸಾಹೇಬ್ರ, ನನಗ ಕಡೀಗೆ ಕೊಡ್ರಿ. ಎದ್ದು ಹೋದ್ರಂದ್ರ ಮತ್ತ ಬರೂದಿಲ್ಲ." ಕೇಳಲಿಲ್ಲ. ಅವರಿಗೇನು, ಸಂಜೀಕ ಬಸ್ ಹತ್ತತಾರ. ಅಲ್ಲಿ ಇರಾಕಿ ನಾನು.

ಕಮಲಾಪುರ, 25 ಡಿಸೆಂಬರ್

ಸಾಹೇಬರು ಹೇಳಿದ್ದೇ ಮಾಡಿದ್ರು. ಪಾತ್ರಿ ಮೊದಲ ನನ್ನ ಕೈಗೆ. ಒಂದು ಗುಟುಕು ಕುಡದು ತಿರುಗಿ ಕೊಟ್ಟೆ. ಆಮೇಲೆ ಮಾಪಣ್ಣ — ತೆಲಿ ಬಾಗಿಸಿದ, ಕೈ ಚಾಚಲಿಲ್ಲ. ಬಾಜೂದವರೂ ಹಂಗೇ. ಸಾಹೇಬರು ಪಾತ್ರಿ ಹಿಡಕೊಂಡು ನಿಂತೇ ನಿಂತ್ರು. ನನಗ ಭೂಮಿ ಬಾಯಿ ಬಿಡಬಾರದೇ ಅನಿಸ್ತು.

ಹೆಣ್ಮಕ್ಕಳ ಸಾಲಿನಾಗ ಹಣಮಮ್ಮ ಎದ್ದಳು. ಸೆರಗು ಹೊತ್ತುಕೊಂಡು ಬಂದು, ಪಾತ್ರಿ ಇಸಗೊಂಡು ಕುಡದಳು. ಮಾಪಣ್ಣ ಎದ್ದು ಹೊರಗ ಹೋದ. ಹಿಂದ ಎಲ್ಲಾರೂ.

ಸಾಹೇಬರು ಸಂಜಿ ಬಸ್ಸಿಗೆ ಹೋದ್ರು.

26 ಡಿಸೆಂಬರ್, ಮುಂಜಾನೆ

ಬಾಗಲಾ ತೆಗೆದ್ರ ಕಟ್ಟಿ ಮ್ಯಾಲೆ ಹಣಮಮ್ಮ. ಬಾಜೂಕ ಬಟ್ಟಿ ಗಂಟು. ಮನ್ಯಾಗಿನ ಕೊಡ ಮುಟ್ಟಬ್ಯಾಡ ಅಂದಾನಂತ ಗಂಡ. ನನ್ನಿಂದ ಹಿಂಗಾತಲ್ಲವ್ವಾ ಅಂದೆ.

"ಚಾ ಮಾಡ್ರಿ ಅಕ್ಕೋರ. ಥಂಡಿ ಭಾಳ ಅದ."

ಒಳಗ ಬಂದಳು. ಮ್ಯಾಲಿನ ಕಪ್ಪು ಇಳಿಸಿದೆ. ಧೂಳು ಕುಂತಿತ್ತು, ತೊಳೆದೆ. ಚಾ ಕುದಿಯೂತನ ಇದು ಬರೀಲಾಕತ್ತೀನಿ. ಆಕಿ ಒಲಿ ಊದ್ಲಾಕತ್ತಾಳ. ನನ್ನ ಕಡಿ ನೋಡವಲ್ಲಳು. ಅಳೂನೋ, ಹೊಗಿಯೋ.

ಹೊರಗ ಯಾರೋ... ಮಾಪಣ್ಣ.

"ಮನೀಗಿ ನಡಿ" ಅಂದ ಆಕಿಗೆ.

"ಚಾ ಕುಡದು ಬರ್ತೀನಿ" ಅಂದಳು, ಎದ್ದೇಳದೇನೇ.

ಬೈತಾನ ಅಂದ್ಕೊಂಡೆ. ಬೈಲಿಲ್ಲ, ಹೋಗಲೂ ಇಲ್ಲ. ಕಟ್ಟಿ ಮ್ಯಾಲೆ ಕುಂತಾನ, ಆ ಕಡಿ ಮಾರಿ ಮಾಡಿ. ಕಪ್ಪು ಎರಡೇ ಅವ. ನಾ ಚೆರಿಗ್ಯಾಗ ಕುಡದ್ರಾತು. ಅವನಿಗೂ ಕೊಡ್ಲೇನು ಅಂತ ಕೇಳಬೇಕು. ಕೇಳ್ತೀನಿ. ನೀರಡಿಕಿ ಇಲ್ಲ ಅಂದ್ರ —