ಶೇಷಗಿರಿ ತೋಳು ಚಾಚಿದ

೧೬ ಮಾರ್ಚ್ ೧೯೬೩, ಶನಿವಾರ

ಗೆದ್ದೆ! ವರ್ಷದಿಂದ ನಾನು ಪ್ರೀತಿಸುತ್ತಿರುವ ಶೇಷಗಿರಿಗೆ ರೋಗಾಣುಗಳಲ್ಲಿ ನಂಬಿಕೆಯಿಲ್ಲ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲವಂತೆ. ಇಂದು ಜಯನಗರದ ಅವನ ಮನೆಗೆ ನಾನು ಹೋಗಿದ್ದಾಗಲೇ ಸಿಡುಬಿನ ಲಸಿಕೆ ಹಾಕುವವರು ಬಂದರು. ಅವನು ಬಾಗಿಲಿಗೆ ಅಡ್ಡ ನಿಂತ.

"ನಾಳೆ ನಮಗೆ ಹುಟ್ಟೋ ಮಕ್ಕಳಿಗೂ ಹಾಕ್ಸಲ್ಲ," ಎಂದು ನನಗೆ ಹೇಳಿದ.

"ಹಾಗಾದ್ರೆ ಆ ಮಕ್ಕಳಿಗೆ ಬೇರೆ ತಾಯೀನ ಹುಡುಕ್ಕೊಳ್ಳಿ," ಎಂದೆ.

ಒಳಗಿನಿಂದ ಅವನ ತಾಯಿ ಬಂದರು. ಅವರ ಮುಖದ ತುಂಬ ಸಿಡುಬಿನ ಕಲೆ. "ನಿಮ್ಮಕ್ಕ ಇದ್ರಲ್ಲೇ ಹೋದ್ಳು ಕಣೋ. ದಾರಿ ಬಿಡು," ಎಂದು, ತಮಗೆ ಬೇಕಿಲ್ಲದಿದ್ದರೂ ಅವನಿಗೆ ತೋರಿಸಲೆಂದೇ, ಸೆರಗು ಸರಿಸಿ ಲಸಿಕೆಗೆ ತೋಳು ಒಡ್ಡಿದರು.

ಅವನು ಬಾಗಿಲು ಬಿಟ್ಟು ಸರಿದ. ಆಮೇಲೆ ತಾನೂ ಅಂಗಿಯ ತೋಳು ಮಡಿಸಿದ. "ನಂಬಿ ಅಲ್ಲ, ನಿನಗೆ ಹೆದರಿ," ಎಂದ ನನ್ನತ್ತ ತಿರುಗಿ.

ನಂಬದಿದ್ದರೇನು, ಲಸಿಕೆಗೆ ತೋಳೊಂದು ಸಿಕ್ಕರೆ ಸಾಕು! ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿಬಿಡುತ್ತೇನೆ, ಈ ವೈಶಾಖದಲ್ಲೇ ನಮ್ಮ ಮದುವೆ!