ಹಾಸಿಗೆ ಅಟ್ಟ ಹತ್ತಿದೆ

ಅಕ್ಕಾ,

ನನ್ನ ಕೋಣೆ ಖಾಲಿ ಇದೆ ಅಂತ ಗಾಬರಿಯಾಗಬೇಡ. ಇಷ್ಟು ತಿಂಗಳು ಮುಚ್ಚಿದ್ದ ನನ್ನ ಸೈಕಲ್ ರಿಪೇರಿ ಅಂಗಡಿ ಬಾಗಿಲು ತೆಗೆಯೋಕೆ ಹೋಗಿದ್ದೀನಿ. ಹೌದು, ನಾನೇ!

ಹಾಸಿಗೆ ಸುತ್ತಿ ಅಟ್ಟದ ಮೇಲೆ ಎಸೆದು, ಏಣಿಯನ್ನ ಪಕ್ಕದ ಮನೆಗೆ ಸಾಗಿಸಿದ್ದೀನಿ. ನಾನೇ ಬಂದು ಕಾಲು ಹಿಡಿದರೂ ರಾತ್ರಿವರೆಗೂ ತರಿಸಬೇಡ. ಹಗಲಲ್ಲಿ ಮಲಗಿದರೆ ಮತ್ತೆ ಏಳಲ್ಲ ಅನ್ನೋದು ನಿನಗಿಂತ ಚೆನ್ನಾಗಿ ನನಗೇ ಗೊತ್ತು.

ಅಡುಗೆಮನೆ ಎಣ್ಣೆ ಬಾಟಲಿ ನನ್ನ ಹತ್ತಿರ ಇದೆ. ಶಟರ್ ತುಕ್ಕು ಹಿಡಿದಿರುತ್ತೆ, ಬೈಬೇಡ.

"ದಿನಕ್ಕೊಂದು ಕೆಲಸ ಮಾಡೋ, ಸಾಕು" ಅಂತ ತಿಂಗಳುಗಟ್ಟಲೆ ತಲೆ ತಿಂದೆಯಲ್ಲ? ಇವತ್ತು ಸ್ನಾನ, ಗಡ್ಡ ಎರಡೂ ಆಯ್ತು. ಹೆಚ್ಚಿಗೆ ಆಗಿದ್ದನ್ನ ನಾಳೆಗೆ ಜಮಾ ಮಾಡ್ಕೋ.

ಇನ್ಮೇಲೆ ತಟ್ಟೆ ಕೋಣೆ ಬಾಗಿಲಲ್ಲಿ ಇಟ್ಟು ಹೋಗಬೇಡ. ಮಧ್ಯಾಹ್ನ ಊಟ ಅಂಗಡಿಗೇ ತಗೊಂಡು ಬಾ. ಜಾಸ್ತಿನೇ ಹಾಕು, ಈಗಲೇ ಹಸಿವಾಗ್ತಿದೆ ಕಣೇ!